ಪಾದದ ನೋವನ್ನು ಮರೆಮಾಚಿದ ನರ್ತಕಿ: ಒಂದು ಆಪ್ತಸಲಹೆ ಪ್ರಕರಣ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನ್ಯೂಜೆರ್ಸಿಯ ಕನ್ನಡ ಕುಟುಂಬವೊಂದರಲ್ಲಿ ಬೆಳೆದ 24ರ ಈ ಯುವತಿ ಬಾಲ್ಯದಿಂದ ಭರತನಾಟ್ಯವನ್ನೂ ಆಮೇಲೆ ಜಾಝ್ ನೃತ್ಯವನ್ನೂ ಕಲಿತು, ನ್ಯೂಯಾರ್ಕ್‌ನ ಸಂಗೀತ ನಾಟಕಗಳಲ್ಲಿ ಅವಕಾಶ ಹುಡುಕುತ್ತಿದ್ದರು. ನಿದ್ದೆ ಬರುವುದಿಲ್ಲವೆಂದು ನನ್ನಲ್ಲಿಗೆ ಬಂದವರು, ಮಾತಿನ ನಡುವೆ ಬಲಗಾಲಿನ ಶೂ ಸಡಿಲಿಸಿ ಪಾದದ ಮೇಲ್ಭಾಗವನ್ನು ಒತ್ತಿಕೊಳ್ಳುತ್ತಿದ್ದರು. ಕೇಳಿದಾಗ, "ಏನಿಲ್ಲ ಮೇಡಂ, ಆಡಿಷನ್‌ಗೆ ಮುಂಚೆ ಐಬುಪ್ರೊಫೆನ್ ತಗೊಂಡರೆ ನೋವು ಗೊತ್ತಾಗಲ್ಲ" ಎಂದರು. ನನಗೆ ಆತಂಕ ತಂದದ್ದು ನೋವು ಗೊತ್ತಾಗದಿರುವುದೇ.

ಅಲ್ಲಿ ಆಡಿಷನ್‌ಗಳು ಹೆಚ್ಚಾಗಿ ನಡೆಯುವುದು ಚಳಿಗಾಲದ ಕೊನೆಯಲ್ಲಿ. ಕಲಾವಿದರ ಸಂಘದ ಸದಸ್ಯತ್ವವಿಲ್ಲದವರು ನಸುಕಿನಲ್ಲೇ ಬೀದಿಬದಿ ಸಾಲು ನಿಂತು, ಸದಸ್ಯರ ಸರದಿ ಮುಗಿದು ಸಮಯ ಉಳಿದರೆ ಮಾತ್ರ ಸಿಗುವ ಕರೆಗಾಗಿ ಗಂಟೆಗಟ್ಟಲೆ ಕಾಯುತ್ತಾರೆ. ಬೆಳಿಗ್ಗೆ ಬೆಚ್ಚಗಾಗಿಸಿಕೊಂಡ ಸ್ನಾಯುಗಳು ಅಷ್ಟರಲ್ಲಿ ಸೆಡೆತಿರುತ್ತವೆ. ಒಳಗೆ ಹೋದರೆ, ಆಗಷ್ಟೇ ಹೇಳಿಕೊಟ್ಟ ನೃತ್ಯದ ತುಣುಕನ್ನು ಇಕ್ಕಟ್ಟಾದ ಕೋಣೆಯಲ್ಲಿ, ಪಕ್ಕದವರ ಕಾಲು ತಾಗದಂತೆ, ಪೂರ್ಣ ವೇಗದಲ್ಲಿ ಕುಣಿಯಬೇಕು. ಬರಿಗಾಲಿನಲ್ಲಿ, ಭರತನಾಟ್ಯದ ಮಂಡಿ ಬಾಗಿಸಿದ ಭಂಗಿಯಾದ ಅರಮಂಡಿಗೆ ಒಗ್ಗಿದ್ದ ಇವರಿಗೆ ಹೀಲ್ಸ್ ಹಾಕಿದೊಡನೆ ಮೈಭಾರವೆಲ್ಲ ಮುಂಗಾಲಿನ ಸಣ್ಣ ಮೂಳೆಗಳ ಮೇಲೆ ಬೀಳುತ್ತಿತ್ತು. ಕೊನೆಯಲ್ಲಿ "ಲಾಗ ಹಾಕಲು ಯಾರಿಗೆ ಬರುತ್ತದೆ?" ಎಂಬ ಪ್ರಶ್ನೆ ಬರುವುದುಂಟು, ಮೃದು ಹಾಸಿನ ಮೇಲೆ ಮಾತ್ರ ಅಭ್ಯಾಸ ಮಾಡಿದವರೂ ಗಟ್ಟಿ ನೆಲದ ಮೇಲೆ ನಿಂತು ಕೈಯೆತ್ತಿಬಿಡುತ್ತಾರೆ. ಇವರೂ ಎತ್ತಿದ್ದರು. ಆಯ್ಕೆಯಾಗದ ತನಕ ಕಲಾವಿದರು ನೌಕರರಲ್ಲವಾದ್ದರಿಂದ, ಅಲ್ಲಿ ಬಿದ್ದು ಪೆಟ್ಟಾದರೆ ಚಿಕಿತ್ಸೆಯ ಹೊರೆ ಸಾಮಾನ್ಯವಾಗಿ ಅವರದೇ.

ವೈದ್ಯರ ಬಳಿ ಹೋಗದಿರಲು ಇನ್ನೊಂದು ಕಾರಣವಿತ್ತು. ಅಮೆರಿಕದಲ್ಲಿ 26 ತುಂಬುವವರೆಗೆ ತಂದೆತಾಯಿಯ ಆರೋಗ್ಯ ವಿಮೆಯಲ್ಲಿ ಇರಬಹುದು. ಇವರೂ ಹಾಗೆಯೇ ಇದ್ದರು. ಚಿಕಿತ್ಸೆಯ ವಿವರವಿರುವ ವಿಮೆಯ ಪತ್ರ ಮನೆಗೆ ಬಂದರೆ, "ಇದೆಲ್ಲ ಬಿಟ್ಟು ಓದು" ಎನ್ನುತ್ತಿದ್ದ ಅಪ್ಪನಿಗೆ ಮತ್ತೊಂದು ಕಾರಣ ಸಿಕ್ಕಂತಾಗುತ್ತದೆಂಬ ಭಯ ಅವರಿಗಿತ್ತು.

ಆಡಿಷನ್ ಅಷ್ಟೇ ಅಲ್ಲ, ಅಭ್ಯಾಸವನ್ನೂ ನಿಲ್ಲಿಸಿ ಕೂಡಲೇ ಮೂಳೆ ವೈದ್ಯರನ್ನು ಕಾಣಬೇಕೆಂದು ಸ್ಪಷ್ಟವಾಗಿ ಹೇಳಿದೆ. ಸ್ಟ್ರೆಸ್ ಫ್ರಾಕ್ಚರ್, ಅಂದರೆ ಪದೇಪದೇ ಒತ್ತಡ ಬಿದ್ದು ಮೂಳೆಯಲ್ಲಾಗುವ ಸಣ್ಣ ಬಿರುಕು, ಆರಂಭದಲ್ಲಿ ಎಕ್ಸ್‌ರೇಯಲ್ಲಿ ಕಾಣದಿರಬಹುದು, ಆದ್ದರಿಂದ ಎಂಆರ್‌ಐ ಬಗ್ಗೆ ಕೇಳುವಂತೆ ತಿಳಿಸಿದೆ. ತೂಕ ಇಳಿಸಲು ಊಟ ಬಿಡುತ್ತಿದ್ದೀರಾ, ಮುಟ್ಟು ತಪ್ಪುತ್ತಿದೆಯೇ ಎಂದೂ ವಿಚಾರಿಸಿದೆ. ಎರಡಕ್ಕೂ ಹೌದೆಂದರು. ದೇಹಕ್ಕೆ ಸಾಕಷ್ಟು ಆಹಾರ ಸಿಗದಿದ್ದರೆ ಮೂಳೆಯೂ ಸೊರಗುತ್ತದೆ. ನರ್ತಕಿಯರಲ್ಲಿ ಇದನ್ನು ಎಂದಿಗೂ ಹಗುರವಾಗಿ ಕಾಣಬಾರದು. ಹಾಗಾಗಿ ಆಹಾರತಜ್ಞರ ಭೇಟಿಯನ್ನೂ ಸೂಚಿಸಿದೆ.

ಎಂಆರ್‌ಐಯಲ್ಲಿ ಬಿರುಕು ಕಂಡಿತು. ವಿಮೆಯ ಪತ್ರ ತಲುಪುವ ಮುನ್ನವೇ ಮನೆಯಲ್ಲಿ ತಾವೇ ಹೇಳುವುದು ಮೇಲೆಂದು ನಿರ್ಧರಿಸಿ, ಮೊದಲು ಅಮ್ಮನಿಗೆ ಹೇಗೆ ಹೇಳಬೇಕೆಂಬುದನ್ನು ನನ್ನೆದುರು ಅಭ್ಯಾಸ ಮಾಡಿಕೊಂಡು ಹೋದರು. ಅಪ್ಪ ಎರಡು ದಿನ ಮಾತಾಡಲಿಲ್ಲವಂತೆ. ಮೂರನೆಯ ದಿನ ತಾವೇ ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ದರು.

ಚೇತರಿಕೆಯ ದಿನಗಳಲ್ಲಿ, ಆಡಿಷನ್ ಕೋಣೆಯೊಳಗೆ ಹೋದ ಮೇಲೆ ವಿವೇಚನೆಗೆ ಬಿಡುವಿರುವುದಿಲ್ಲವೆಂದು, ಕೆಲವು ನಿರ್ಧಾರಗಳನ್ನು ಮೊದಲೇ ಬರೆದಿಟ್ಟುಕೊಂಡೆವು. ಒಂಟಿಕಾಲಿನಲ್ಲಿ ಕುಪ್ಪಳಿಸಿದಾಗ ನೋವಾದರೆ ಅಂದು ಕುಣಿಯುವುದಿಲ್ಲ. ಹೆಸರು ಕರೆಯುವವರೆಗೂ ಕೋಟು, ಉಣ್ಣೆಯ ಕಾಲುಚೀಲ ಕಳಚುವುದಿಲ್ಲ. ಗಟ್ಟಿ ನೆಲದ ಮೇಲೆ ಅಭ್ಯಾಸವಿಲ್ಲದ ಕಸರತ್ತಿಗೆ ಕೈಯೆತ್ತುವುದಿಲ್ಲ. "ಇಂದು ಅದು ನನ್ನಿಂದಾಗದು, ಉಳಿದದ್ದನ್ನು ಪೂರ್ತಿ ಮಾಡುತ್ತೇನೆ" ಎಂಬ ಮಾತನ್ನು ಇಂಗ್ಲಿಷಿನಲ್ಲಿ ದನಿ ನಡುಗದಂತೆ ಹೇಳುವುದನ್ನು ಪದೇಪದೇ ರೂಢಿಸಿಕೊಂಡರು. ನೃತ್ಯಕ್ಕೆ ಮರಳುವ ಮುನ್ನ, ನೃತ್ಯದಿಂದಾಗುವ ಗಾಯಗಳಿಗೆಂದೇ ಇರುವ ನ್ಯೂಯಾರ್ಕ್‌ನ ಹಾರ್ಕ್‌ನೆಸ್ ಕೇಂದ್ರದಲ್ಲಿ ನರ್ತಕರಿಗೆ ಉಚಿತವಾಗಿ ಮಾಡುವ ಗಾಯತಡೆ ತಪಾಸಣೆಗೆ ಹೋಗಲು ಒಪ್ಪಿದ್ದಾರೆ. ಅಲ್ಲಿಯವರೆಗೆ ಗಾಯಕರಿಗೆಂದೇ ನಡೆಯುವ ಆಡಿಷನ್‌ಗಳಲ್ಲಿ ಹಾಡುತ್ತಿದ್ದಾರೆ.