ಕವಿತೆ ರಾಶಿ ಬಂದಿವೆ, ಗದ್ಯವೇ ಇಲ್ಲ ಅಂದವರಿಗೆ

ಗದಗಿನ ನಿಮ್ಮ ಕಾಲೇಜು ಪತ್ರಿಕೆಗೆ ನಲವತ್ತು ಕವಿತೆ ಬಂದಿವೆ, ಪ್ರಬಂಧ ಮಾತ್ರ ಎರಡೇ, ಗದ್ಯ ಬರೆಸೋದು ಹೇಗೆ ಎಂದು ಕೇಳಿದ್ದೀರಿ. ಧಾರವಾಡದಲ್ಲಿ ಓದುವಾಗ ನಮಗೂ ಇದೇ ಪಾಡು. ಅರ್ಧ ಕವಿತೆ ಮಳೆ ಮೇಲೆ, ಉಳಿದರ್ಧ ಅವ್ವನ ಮೇಲೆ!

"ಪ್ರಬಂಧ ಕೊಡಿ" ಎಂದು ನೋಟಿಸ್ ಹಾಕಬೇಡಿ. ಆ ಪದ ಕೇಳಿದರೆ ಪರೀಕ್ಷೆ ನೆನಪಾಗಿ ಎಲ್ಲರೂ ಪೀಠಿಕೆ, ಉಪಸಂಹಾರ ಶುರು ಮಾಡುತ್ತಾರೆ. ಬದಲಿಗೆ ಒಬ್ಬೊಬ್ಬರಿಗೂ ಅವರದ್ದೇ ಪ್ರಶ್ನೆ ಕೊಡಿ. ಬೆಟಗೇರಿಯ ನೇಕಾರರ ಮನೆಯವಳಿಗೆ, ಮಗ್ಗ ನಿಂತ ದಿನ ಮನೆ ಹೇಗಿರುತ್ತದೆ? ಬ್ಯಾಡಗಿಯವನಿಗೆ, ಮೆಣಸಿನಕಾಯಿ ಸೀಸನ್ನಿನಲ್ಲಿ ಮಾರ್ಕೆಟ್ಟಿನ ಘಾಟು ಎಲ್ಲಿಂದ ಶುರುವಾಗುತ್ತದೆ? ಬರೆಯೋಕೆ ಬರಲ್ಲ ಅಂದವರನ್ನು ಚಹಾಕ್ಕೆ ಕರೆಯಿರಿ. ಸುಮ್ನೆ ಮಾತಾಡಿಸಿ, ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಅದನ್ನು ಅವರೇ ಕೇಳಿ ಬರೆಯಲಿ.

ತಿದ್ದುವಾಗ ಜಾಸ್ತಿ ಕೈ ಹಾಕಬೇಡಿ. ನಮ್ಮಲ್ಲೊಬ್ಬ ಬಸ್ ಪಾಸಿನ ಸಾಲಿನ ಬಗ್ಗೆ ಬರೆದಿದ್ದ. ಅವನ "ನಿಂತಿದ್ವಿ"ಯನ್ನೆಲ್ಲ "ನಿಂತಿದ್ದೆವು" ಮಾಡಿ ಬರಹದ ಜೀವ ತೆಗೆದವನು ನಾನೇ. ಇವತ್ತಿಗೂ ಬೇಜಾರು.

ಚಿತ್ರಗಳದ್ದು ಸುಲಭ. ಪೆನ್ನಿನ ಗೆರೆಚಿತ್ರ ಕಪ್ಪು-ಬಿಳುಪಿನಲ್ಲೇ ಚೆನ್ನ. ಬಣ್ಣದವನ್ನೆಲ್ಲ ನಡುವಿನ ಒಂದೇ ಹಾಳೆಗೆ ಸೇರಿಸಿ, ಖರ್ಚು ಉಳಿಯುತ್ತದೆ. ನಡುವೆ ಪಿನ್ ಹೊಡೆಸುವುದಾದರೆ ಪುಟಗಳು 4ರ ಲೆಕ್ಕದಲ್ಲಿರಲಿ, 48 ಅಥವಾ 52. ಪ್ರೆಸ್ಸಿಗಂತೂ ನಿಮಗೆ ಬರವಿಲ್ಲ, ನಿಮ್ಮೂರು ಮುದ್ರಣ ಕಾಶಿ ಅಲ್ವಾ? ನುಡಿ ತಂತ್ರಾಂಶದ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯುನಿಕೋಡ್‌ಗೆ ಬದಲಿಸಿದರೆ ಒತ್ತಕ್ಷರಗಳನ್ನು ಮಾತ್ರ ಇನ್ನೊಮ್ಮೆ ಕೂತು ನೋಡಿ.