ಹಸಿ ಚಿಕನ್ ತಿನ್ನುವ ಬೆಕ್ಕಿಗೆ ಆಗಾಗ ಭೇದಿ ಆಗುತ್ತಿದೆ. ಇದು ಅಲರ್ಜಿನಾ?

ಗಂಗಾವತಿಯಿಂದ ಕೇಳಿದ್ದೀರಿ. ಮೂರು ವರ್ಷದ ಹೆಣ್ಣು ಬೆಕ್ಕು, ಎರಡು ತಿಂಗಳಿಂದ ಹಸಿ ಚಿಕನ್, ಭಾನುವಾರಕ್ಕೆ ಹಸಿ ಮೀನು ಹಾಕುತ್ತಿದ್ದೀರಿ. ಒಂದು ವಾರ ಚೆನ್ನಾಗಿರುತ್ತದೆ, ಆಮೇಲೆ ಎರಡು ದಿನ ತೆಳ್ಳಗೆ ಹೋಗುತ್ತದೆ, ನಡುವೆ ಒಮ್ಮೊಮ್ಮೆ ವಾಂತಿ. 'ಚಿಕನ್ ಅಲರ್ಜಿ ಇರಬೇಕು, ಮಟನ್‌ಗೆ ಬದಲಾಯಿಸಲಾ? ಮೊಸರನ್ನ ಕೊಡಲಾ?' ಅಂತ ನಿಮ್ಮ ಪ್ರಶ್ನೆ.

ಮಟನ್ ಈಗಲೇ ಬೇಡ. ಅಲರ್ಜಿ ಆಗಿದ್ದರೆ ದಿನಾ ಅದೇ ಚಿಕನ್ ತಿನ್ನುವ ಬೆಕ್ಕು ಮಧ್ಯೆ ಪೂರ್ತಿ ಒಂದು ವಾರ ಚೆನ್ನಾಗಿರುವುದು ಕಡಿಮೆ. ಬಂದು ಹೋಗುವ ಭೇದಿಗೆ ಕಾರಣವೂ ಹೆಚ್ಚಾಗಿ ಬಂದು ಹೋಗುವಂಥದ್ದೇ ಇರುತ್ತದೆ. ಒಂದು ದಿನ ಲಿವರ್ ಜಾಸ್ತಿ ಬಿದ್ದಿರುತ್ತದೆ, ಇನ್ನೊಂದು ದಿನ ಚರ್ಮ, ಮತ್ತೊಂದು ದಿನ ಮಧ್ಯಾಹ್ನದವರೆಗೆ ಅಂಗಡಿಯಲ್ಲಿ ನೇತಾಡಿದ ಮಾಂಸ. ಮೊದಲು ಅದನ್ನು ಹುಡುಕಬೇಕು.

ನಾನು ಡಾಕ್ಟರ್ ಅಲ್ಲ. ಬಳ್ಳಾರಿಯಲ್ಲಿ ಬೆಕ್ಕು ಸಾಕಿಕೊಂಡು, ವರ್ಷಗಟ್ಟಲೆ ಹಸಿ ಮಾಂಸ ಹಾಕಿ, ಡಾಕ್ಟರ ಹತ್ತಿರ ಕೇಳಿ ಕೇಳಿ ಕಲಿತವನು. ಹಾಗಾಗಿ ಮೊದಲೇ ಒಂದು ಮಾತು. ರಕ್ತ ಜಾಸ್ತಿ ಬಂದರೆ, ನೀರೂ ನಿಲ್ಲದೆ ವಾಂತಿ ಆದರೆ, ಬೆಕ್ಕು ಮೂಲೆ ಸೇರಿ ಮಂಕಾಗಿ ಕೂತರೆ ಮುಂದೆ ಓದಬೇಡಿ, ಆಸ್ಪತ್ರೆಗೆ ಹೋಗಿ. ಲಸಿಕೆ ಹಾಕಿಸದ ಮರಿಗಂತೂ ವಾಂತಿ ಭೇದಿ ಒಟ್ಟಿಗೆ ಬಂದರೆ ಅದೇ ದಿನ ಹೋಗಬೇಕು, ಪ್ಯಾನ್‌ಲ್ಯುಕೋಪೀನಿಯಾ ಅನ್ನುವ, ಪ್ರಾಣಕ್ಕೆ ಬರುವ ವೈರಸ್ ಕಾಯಿಲೆ ಇರಬಹುದು. ಇನ್ನೊಂದು ವಿಷಯ: 'ಹೊಟ್ಟೆಗೆ ರೆಸ್ಟ್ ಕೊಡೋಣ' ಅಂತ ಬೆಕ್ಕನ್ನು ಉಪವಾಸ ಕೆಡವಬೇಡಿ. ಎರಡು ಮೂರು ದಿನ ತಿನ್ನದಿದ್ದರೆ ಬೆಕ್ಕಿನ ಲಿವರ್‌ಗೆ ಕೊಬ್ಬು ತುಂಬಿಕೊಂಡು ಅದೇ ಪ್ರಾಣಕ್ಕೆ ಬರುತ್ತದೆ. ದಪ್ಪ ಬೆಕ್ಕಿಗೆ ಈ ಅಪಾಯ ಇನ್ನೂ ಜಾಸ್ತಿ.

ಈಗ ಮರಳಿನ ಟ್ರೇ ನೋಡಿ. ಅಸಹ್ಯ ಅನಿಸಿದರೂ ಉತ್ತರ ಇರುವುದು ಅಲ್ಲೇ. ಹಸಿ ಮಾಂಸ ತಿನ್ನುವ ಬೆಕ್ಕಿನ ಕಕ್ಕ ಸಣ್ಣದಾಗಿ, ಗಟ್ಟಿಯಾಗಿ ಇರುತ್ತದೆ, ವಾಸನೆಯೂ ಕಡಿಮೆ. ದಿನಕ್ಕೊಂದು ಸಲ, ಕೆಲವಕ್ಕೆ ಎರಡು ದಿನಕ್ಕೊಂದು ಸಲ. ಇದನ್ನು ಮಲಬದ್ಧತೆ ಅಂದುಕೊಂಡು ಹರಳೆಣ್ಣೆ ಕುಡಿಸುವವರನ್ನು ನೋಡಿದ್ದೇನೆ, ಆಮೇಲೆ ಭೇದಿ ಶುರುವಾಯಿತು ಅಂತ ಗೋಳಾಡುತ್ತಾರೆ! ಬೆಳ್ಳಗೆ, ಒಣಗಿ, ಕಡ್ಡಿಯಿಂದ ಒತ್ತಿದರೆ ಚಾಕ್‌ಪೀಸ್ ಥರ ಪುಡಿಯಾದರೆ ಮೂಳೆ ಜಾಸ್ತಿಯಾಗಿದೆ. ಕಪ್ಪಗೆ, ಅಂಟಂಟಾಗಿ ಸಡಿಲವಾಗಿದ್ದರೆ ಲಿವರ್ ಜಾಸ್ತಿ ಅಥವಾ ಮೂಳೆ ತೀರಾ ಕಡಿಮೆ. ಆದರೆ ಟಾರ್ ಥರ ಕಪ್ಪಗಿದ್ದು ಬೆಕ್ಕೂ ಮಂಕಾಗಿದ್ದರೆ ಅದು ಒಳಗಿನ ರಕ್ತ ಇರಬಹುದು, ಡಾಕ್ಟರಿಗೆ ತೋರಿಸಿ. ಹಳದಿಯಾಗಿ, ಜಿಡ್ಡಾಗಿ, ನಾರುತ್ತಿದ್ದರೆ ಕೊಬ್ಬಿನ ಮೇಲೆ ಅನುಮಾನ. ಲೋಳೆ, ಕೊನೆಗೊಂದು ಕೆಂಪು ಗೆರೆ, ಪದೇ ಪದೇ ಟ್ರೇಗೆ ಓಡುವುದು ಇದ್ದರೆ ದೊಡ್ಡ ಕರುಳು ಕೆರಳಿದೆ. ಹುಳುವೋ, ಜಿಯಾರ್ಡಿಯಾ ಅನ್ನುವ ಕಣ್ಣಿಗೆ ಕಾಣದ ಕರುಳಿನ ಪರಾವಲಂಬಿಯೋ ಇರಬಹುದು, ತಾಜಾ ಕಕ್ಕವನ್ನು ಡಬ್ಬಿಯಲ್ಲಿ ಒಯ್ದು ಪರೀಕ್ಷೆ ಮಾಡಿಸಿ. ಹಸಿ ಮಾಂಸ ಹಾಕುವವರು ಜಂತುಹುಳುವಿನ ಔಷಧಿಯನ್ನು ಡಾಕ್ಟರು ಹೇಳಿದ ಲೆಕ್ಕದಲ್ಲಿ ತಪ್ಪದೆ ಕೊಡಲೇಬೇಕು.

ವಾಂತಿಯಲ್ಲೂ ವ್ಯತ್ಯಾಸ ಇದೆ. ತಿಂದು ಐದು ನಿಮಿಷಕ್ಕೆ ತುಂಡು ತುಂಡಾಗಿ ಹಾಗೇ ಹೊರಗೆ ಬಂದರೆ ಅವಸರದಲ್ಲಿ ನುಂಗಿದೆ ಅಷ್ಟೇ. ಅಗಲ ತಟ್ಟೆಯಲ್ಲಿ ಹರಡಿ ಕೊಡಿ, ಫ್ರಿಜ್‌ನಿಂದ ತೆಗೆದ ಕೂಡಲೇ ತಣ್ಣಗೆ ಹಾಕಬೇಡಿ. ನಾಲ್ಕೈದು ಗಂಟೆ ಬಿಟ್ಟು ಅರ್ಧ ಕರಗಿದ್ದು ಬರುತ್ತಿದ್ದರೆ, ಅದೂ ವಾರಕ್ಕೆ ಹಲವು ಸಲ, ಅದು ಬೇರೆ ಮಾತು, ಡಾಕ್ಟರಿಗೆ ತೋರಿಸಿ.

ನಿಮ್ಮ ಪ್ರಶ್ನೆಯಲ್ಲಿ ಅಳತೆಯ ಮಾತೇ ಇಲ್ಲ. 'ಒಂದು ಹಿಡಿ ಚಿಕನ್, ಸ್ವಲ್ಪ ಲಿವರ್' ಅಂದಿದ್ದೀರಿ. ಲಿವರ್ ಒಟ್ಟು ಊಟದ ಸುಮಾರು 5 ಪರ್ಸೆಂಟ್ ಸಾಕು. ನಾಲ್ಕು ಕೆಜಿಯ ಬೆಕ್ಕು ದಿನಕ್ಕೆ 120 ಗ್ರಾಂ ತಿಂದರೆ ಲಿವರ್ ಪಾಲು 6 ಗ್ರಾಂ. ಹೆಬ್ಬೆರಳಿನ ತುದಿಯಷ್ಟೂ ಆಗುವುದಿಲ್ಲ! ಕೋಳಿ ಅಂಗಡಿಯಲ್ಲಿ ಲಿವರ್ ಅಗ್ಗ, ಬೆಕ್ಕಿಗೂ ಇಷ್ಟ, ಹಾಗಾಗಿ ಎಲ್ಲರ ಕೈಯಲ್ಲೂ ಇದೇ ಮೀರುತ್ತದೆ. ಇವತ್ತಿಗೆ ಭೇದಿ, ತಿಂಗಳುಗಟ್ಟಲೆ ಹೀಗೇ ಹಾಕಿದರೆ ವಿಟಮಿನ್ ಎ ಮೈಗೆ ಜಾಸ್ತಿಯಾಗಿ ಕುತ್ತಿಗೆ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡು ಕುತ್ತಿಗೆ ಬಗ್ಗದಂತಾಗಬಹುದು. ಕೈಅಳತೆ ಬಿಟ್ಟು ಒಂದು ಸಣ್ಣ ಡಿಜಿಟಲ್ ತೂಕದ ಯಂತ್ರ ತಗೊಳ್ಳಿ.

ಬರೀ ಮೂಳೆಯಿಲ್ಲದ ಮಾಂಸ ಹಾಕಿದರೂ ತೊಂದರೆ. ಅದರಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ಮೂಳೆ ಕೊಡದವರು ಕೆಜಿ ಮಾಂಸಕ್ಕೆ ಸುಮಾರು ಒಂದು ಟೀ ಚಮಚ ನುಣ್ಣಗೆ ಪುಡಿ ಮಾಡಿದ ಮೊಟ್ಟೆಚಿಪ್ಪು ಸೇರಿಸುತ್ತಾರೆ. ಟಾರಿನ್ ಅಂತ ಒಂದು ಪದಾರ್ಥ ಇದೆ, ಅದು ಕಡಿಮೆಯಾದರೆ ಬೆಕ್ಕಿಗೆ ಕಣ್ಣು ಹೋಗುತ್ತದೆ, ಹೃದಯ ಹಿಗ್ಗುತ್ತದೆ. ಅದು ಎದೆಮಾಂಸಕ್ಕಿಂತ ತೊಡೆಯಲ್ಲಿ ಜಾಸ್ತಿ, ಕೋಳಿಯ ಹೃದಯದಲ್ಲಿ ಇನ್ನೂ ಜಾಸ್ತಿ. ನಾನು ಹೋಗುವ ಅಂಗಡಿಯ ಭಾಯ್‌ಗೆ 'ಹೃದಯ ಬೇರೆ ತೆಗೆದಿಡಿ' ಅಂದಾಗ ಮೊದಲು ನಕ್ಕಿದ್ದರು. ಈಗ ನನ್ನನ್ನು ಕಂಡ ಕೂಡಲೇ ಕವರ್ ಕೈಗೆ ಬರುತ್ತದೆ. ಆದರೂ ಇಷ್ಟರಿಂದಲೇ ಊಟ ಪೂರ್ತಿ ಆಗುವುದಿಲ್ಲ. ವರ್ಷವಿಡೀ ಮನೆಯ ಮಾಂಸವೇ ಅಂದರೆ ಡಾಕ್ಟರ ಹತ್ತಿರ ಪೂರ್ತಿ ಲೆಕ್ಕ ಮಾಡಿಸಿಕೊಳ್ಳಬೇಕು.

ಇನ್ನು ನಮ್ಮ ಕಡೆಯ ಬಿಸಿಲು. ಏಪ್ರಿಲ್, ಮೇನಲ್ಲಿ ಬಳ್ಳಾರಿ, ರಾಯಚೂರು, ಕೊಪ್ಪಳ ಎಲ್ಲ ಕಡೆ 40 ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ ಸಂಜೆ ಕೊಂಡ ಮಾಂಸ, ಕರೆಂಟ್ ಹೋಗಿ ಕರಗಿ ಮತ್ತೆ ಗಟ್ಟಿಯಾದ ಮಾಂಸ, ತಟ್ಟೆಯಲ್ಲಿ ಬಿಟ್ಟುಹೋದ ಮಾಂಸ, ಮೂರೂ ಒಂದೇ. ಬೆಳಿಗ್ಗೆ ಅಂಗಡಿ ತೆರೆದಾಗ ಎದುರಿಗೇ ಕಡಿಸಿ ತನ್ನಿ. ಒಂದು ಹೊತ್ತಿಗಾಗುವಷ್ಟು ಪೊಟ್ಟಣ ಮಾಡಿ ಫ್ರೀಜ್ ಮಾಡಿ. ಇಪ್ಪತ್ತು ನಿಮಿಷದಲ್ಲಿ ತಿನ್ನದಿದ್ದರೆ ತಟ್ಟೆ ಎತ್ತಿಬಿಡಿ. ನಿಮ್ಮ ಬೆಕ್ಕಿಗೆ ಭೇದಿ ಆದ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಪಕ್ಕದಲ್ಲಿ ಹಿಂದಿನ ದಿನ ಎಲ್ಲಿಂದ, ಎಷ್ಟು ಹೊತ್ತಿಗೆ, ಯಾವ ಭಾಗ ತಂದಿದ್ದಿರಿ ಅಂತ ಬರೆಯಿರಿ. ನನಗನಿಸುವ ಪ್ರಕಾರ ಮೂರು ವಾರದಲ್ಲಿ ನಿಮಗೇ ಗೊತ್ತಾಗುತ್ತದೆ.

ಇಷ್ಟೆಲ್ಲ ಸರಿಮಾಡಿ, ಕಕ್ಕದ ಪರೀಕ್ಷೆಯಲ್ಲೂ ಏನೂ ಸಿಗದೆ ಭೇದಿ ಮುಂದುವರಿದರೆ ಆಗ ಅಲರ್ಜಿ ಅಥವಾ ಒಗ್ಗದಿರುವಿಕೆಯ ಮಾತು. ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವುದು ದನದ ಮಾಂಸ, ಮೀನು, ಚಿಕನ್‌ಗೆ. ಭೇದಿ ಜೊತೆಗೆ ತಲೆ, ಕುತ್ತಿಗೆ ಕೆರೆದು ಗಾಯ ಮಾಡಿಕೊಳ್ಳುವುದು, ಹೊಟ್ಟೆಯ ಕೂದಲು ನೆಕ್ಕಿ ನೆಕ್ಕಿ ಬೋಳು ಮಾಡುವುದು ಇದ್ದರೆ ಅನುಮಾನ ಗಟ್ಟಿ. ರಕ್ತ ಪರೀಕ್ಷೆಯಿಂದ ಇದನ್ನು ಖಚಿತವಾಗಿ ಹೇಳಲು ಆಗುವುದಿಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ. ನಂಬಬಹುದಾದ ದಾರಿ: ಬೆಕ್ಕು ಹಿಂದೆ ತಿನ್ನದ ಒಂದೇ ಮಾಂಸ ಕೊಟ್ಟು ನೋಡುವುದು. ಹೊಟ್ಟೆಯ ತೊಂದರೆಗೆ ಎರಡರಿಂದ ನಾಲ್ಕು ವಾರದಲ್ಲಿ ಫಲ ಕಾಣುತ್ತದೆ, ತುರಿಕೆಗೆ ಎಂಟು ವಾರ ಬೇಕು. ಸರಿಹೋದ ಮೇಲೆ ಮತ್ತೆ ಚಿಕನ್ ಕೊಟ್ಟು, ಭೇದಿ ತಿರುಗಿ ಬಂದರೆ ಮಾತ್ರ ಚಿಕನ್ ಕಾರಣ ಅಂತ ಹೇಳಬಹುದು. ಹೆಚ್ಚಿನವರು ಈ ಕೊನೆಯ ಹೆಜ್ಜೆ ಬಿಟ್ಟು ಜೀವನಪೂರ್ತಿ ಸುಮ್ನೆ ಮಟನ್‌ಗೆ ದುಡ್ಡು ಹಾಕುತ್ತಾರೆ.

ಆಗ ಮಟನ್ ಒಳ್ಳೆಯ ಆಯ್ಕೆ. ಬಳ್ಳಾರಿ ಕುರಿ ಅಂತಲೇ ತಳಿ ಇರುವ ಸೀಮೆ ನಮ್ಮದು, ಸಿಗುವುದೇನೂ ಕಷ್ಟವಿಲ್ಲ. ಕೊಬ್ಬು ಪೂರ್ತಿ ತೆಗೆಸಿ, ಏಳರಿಂದ ಹತ್ತು ದಿನದಲ್ಲಿ ನಿಧಾನಕ್ಕೆ ಬದಲಾಯಿಸಿ. ಕೋಳಿ ಬಿಟ್ಟು ಬಾತುಕೋಳಿ ಕೊಟ್ಟರೆ ಪರೀಕ್ಷೆ ಕೆಡಬಹುದು, ಎರಡೂ ಹಕ್ಕಿ ಜಾತಿಯೇ. 'ಟ್ಯೂನಾ' ಅಂತ ಬರೆದ ಪ್ಯಾಕೆಟ್‌ನ ಹಿಂಬದಿ ಓದಿ, ಒಳಗೆ ಚಿಕನ್ ಇರುವುದು ಮಾಮೂಲು. ಮನೆಯಲ್ಲಿ ಅಜ್ಜಿ ಇದ್ದರೆ ಅವರಿಗೂ ಕೈಮುಗಿದು ಹೇಳಿ. ಕದ್ದು ಹಾಕಿದ ಒಂದು ತುತ್ತು ಹಾಲನ್ನಕ್ಕೂ ಲೆಕ್ಕ ತಪ್ಪುತ್ತದೆ.

ಭೇದಿಯ ದಿನ ಏನು ಕೊಡಬೇಕು ಅಂದರೆ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಏನೂ ಇಲ್ಲದೆ ಬೇಯಿಸಿದ, ಚರ್ಮ ಮೂಳೆ ತೆಗೆದ ಚಿಕನ್. ಸ್ವಲ್ಪ ಸ್ವಲ್ಪವಾಗಿ, ನಾಲ್ಕೈದು ಸಲ. ಬೇಕಾದರೆ ಒಂದು ಟೀ ಚಮಚ ಬೇಯಿಸಿದ ಸಿಹಿಗುಂಬಳ ಕಲಸಿ. ನೀರು ಜಾಸ್ತಿ ಕುಡಿಯುವಂತೆ ನೋಡಿಕೊಳ್ಳಿ. ಮನುಷ್ಯರ ಭೇದಿ ನಿಲ್ಲಿಸುವ ಮಾತ್ರೆಯನ್ನು ಅರ್ಧ ಮುರಿದು ಹಾಕಬೇಡಿ. ಮೈ ಬಿಸಿ ಇದೆ ಅಂತ ಪ್ಯಾರಾಸಿಟಮಾಲ್ ಕೊಟ್ಟರೆ ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು.

ಹಸಿಯೇ ಬೇಕಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನಾನು ಈಗ ಹಸಿ ಕೋಳಿ ನಿಲ್ಲಿಸಿದ್ದೇನೆ. 2025ರಲ್ಲಿ ನಮ್ಮ ಸಂಡೂರು ತಾಲ್ಲೂಕಿನ ಕುರೇಕುಪ್ಪದಲ್ಲೇ ಕೋಳಿಗಳಿಗೆ ಹಕ್ಕಿಜ್ವರ ಬಂತು. ಆ ಎಚ್5ಎನ್1 ವೈರಸ್ ಬೆಕ್ಕಿಗೆ ತಗುಲಿದರೆ ಬದುಕುವುದು ಕಷ್ಟ. 2024ರ ಕೊನೆಯಲ್ಲಿ ಅಮೆರಿಕದಲ್ಲಿ ಫ್ರೀಜ್ ಮಾಡಿದ ಹಸಿ ಆಹಾರ ತಿಂದ ಮನೆಬೆಕ್ಕೊಂದು ಇದರಿಂದಲೇ ಸತ್ತಿತ್ತು. ಫ್ರೀಜರ್ ಆ ವೈರಸ್ಸನ್ನು ಕೊಲ್ಲುವುದಿಲ್ಲ, ಬೇಯಿಸಿದರೆ ಸಾಯುತ್ತದೆ. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಕೂಡ ಅಷ್ಟೇ. ಮನೆಯಲ್ಲಿ ಚಿಕ್ಕ ಮಕ್ಕಳೋ ಬಸುರಿಯೋ ಇದ್ದರೆ ಹಸಿ ಮಾಂಸದ ಗೊಡವೆಯೇ ಬೇಡ ಅನ್ನುತ್ತೇನೆ. ಮಾಂಸವನ್ನು ಸ್ವಲ್ಪ ನೀರಲ್ಲಿ ಬೇಯಿಸಿ, ಆ ನೀರನ್ನೂ ಊಟಕ್ಕೇ ಕಲಸಿ. ಟಾರಿನ್ ಒಂದಷ್ಟು ನೀರಿಗೆ ಇಳಿದಿರುತ್ತದೆ, ಚೆಲ್ಲಿದರೆ ನಷ್ಟ. ಬೆಂದ ಮೂಳೆ ಮಾತ್ರ ಕೊಡಬೇಡಿ, ಸೀಳಿ ಚುಚ್ಚುತ್ತದೆ. ಭಾನುವಾರ ತುಂಗಭದ್ರಾ ಡ್ಯಾಂ ಮೀನು ಹಸಿಯಾಗಿ ಹಾಕುತ್ತೇವೆ ಅಂದಿದ್ದೀರಲ್ಲ, ಅದನ್ನೂ ಬೇಯಿಸಿ. ಗೆಂಡೆಯಂಥ ಮೀನುಗಳಲ್ಲಿ ವಿಟಮಿನ್ ಬಿ1 ಹಾಳು ಮಾಡುವ ಅಂಶ ಇದೆ, ಬೇಯಿಸಿದರೆ ಹೋಗುತ್ತದೆ.

ಮೊಸರನ್ನದ ಬಗ್ಗೆ: ಒಂದು ಚಮಚ ಮೊಸರು ನೆಕ್ಕಿದರೆ ಹೆಚ್ಚಿನ ಬೆಕ್ಕಿಗೆ ಏನೂ ಆಗುವುದಿಲ್ಲ, ಆದರೆ ಅದು ಔಷಧಿಯೂ ಅಲ್ಲ. ಭೇದಿ ನಿಲ್ಲುವವರೆಗೆ ಬೇಡ. ಹಾಲಂತೂ ಬೇಡವೇ ಬೇಡ.