ಸಭೆಗೆ ಬಾರದವರನ್ನು ವಿಪತ್ತು ಯೋಜನೆಯಲ್ಲಿ ಸೇರಿಸಿಕೊಳ್ಳುವುದು ಹೇಗೆ?

ನದಿ ದಂಡೆಯ ಗ್ರಾಮ ಪಂಚಾಯಿತಿಯ ಸದಸ್ಯರು ನೀವು. ವಿಪತ್ತು ನಿರ್ವಹಣಾ ಯೋಜನೆಯ ಸಭೆಗೆ ಲಂಬಾಣಿ ತಾಂಡಾದವರು, ಉರ್ದು ಮಾತನಾಡುವ ಕೇರಿಯವರು, ಹೊರರಾಜ್ಯದ ಕೂಲಿಕಾರರು ಕರೆದರೂ ಬರುವುದಿಲ್ಲ, ಏನು ಮಾಡಲಿ ಎಂದು ಕೇಳಿದ್ದೀರಿ. ಹೊನ್ನಾಳಿ ಕಡೆ ನೆರೆ ಸಂತ್ರಸ್ತರಿಗೆ ತೆರೆಯುವ ಕಾಳಜಿ ಕೇಂದ್ರಗಳಲ್ಲಿ ಸ್ವಯಂಸೇವಕನಾಗಿ ಓಡಾಡುವ ನಾನು ಮೊದಲು ಕೇಳುವುದು ಇಷ್ಟೇ: ಸಭೆ ಕರೆದದ್ದು ಎಷ್ಟು ಹೊತ್ತಿಗೆ? ಬೆಳಿಗ್ಗೆ ಹನ್ನೊಂದಕ್ಕೆ ಪಂಚಾಯಿತಿ ಕಚೇರಿಗೆ ಬರುವವನು ಆ ದಿನದ ಕೂಲಿ ಕಳೆದುಕೊಳ್ಳುತ್ತಾನೆ. ಸಂಜೆ ಏಳರ ಮೇಲೆ ತಾಂಡಾದ ಸೇವಾಲಾಲ್ ಗುಡಿಯ ಮುಂದೆ ಜಮಖಾನೆ ಹಾಸಿ ಕೂತು ನೋಡಿ, ಹೆಂಗಸರೂ ಬರುತ್ತಾರೆ. ದೀಪಾವಳಿ ಕಳೆದ ಮೇಲೆ ಮಾತ್ರ ಹೋಗಬೇಡಿ. ಆಗ ಎಷ್ಟೋ ಮನೆಗಳಿಗೆ ಬೀಗ ಬಿದ್ದಿರುತ್ತದೆ, ಜನ ಕಾಫಿ ಕೊಯ್ಲಿಗೋ ಕಬ್ಬು ಕಡಿಯುವುದಕ್ಕೋ ಗುಳೆ ಹೋಗಿರುತ್ತಾರೆ. ಮುಂಗಾರಿಗೆ ಮುಂಚಿನ ಮೇ ತಿಂಗಳು ಒಳ್ಳೆಯದು.

ನಾಯಕನೊಬ್ಬನ ಸಹಿ ಹಾಕಿಸಿಕೊಂಡು ತಾಂಡಾದ ಅಭಿಪ್ರಾಯ ಪಡೆದಾಯಿತು ಎಂದು ಬರೆಯಬೇಡಿ. ನಡೆಯಲಾಗದ ಮುದುಕಿ ಯಾವ ಮನೆಯಲ್ಲಿದ್ದಾಳೆ, ದಿನ ತುಂಬಿದ ಗರ್ಭಿಣಿ ಯಾರು ಎಂಬುದು ಆಶಾ ಕಾರ್ಯಕರ್ತೆಗೆ, ಅಂಗನವಾಡಿಯವರಿಗೆ ಗೊತ್ತಿರುತ್ತದೆ. ಚಿತ್ರದುರ್ಗ ಜಿಲ್ಲೆಯ ಕಾಡುಗೊಲ್ಲರ ಹಟ್ಟಿಗಳಲ್ಲಾದರೆ ಇನ್ನೊಂದನ್ನೂ ಕೇಳಬೇಕು. ಮುಟ್ಟಾದವರನ್ನು, ಬಾಣಂತಿಯರನ್ನು ಹಟ್ಟಿಯ ಹೊರಗೆ ಇರಿಸುವ ರೂಢಿ ಕೆಲವೆಡೆ ಇನ್ನೂ ಉಳಿದಿದೆ. ಗಾಳಿಮಳೆಯ ರಾತ್ರಿ ಹಸುಗೂಸಿನೊಂದಿಗೆ ಹೊರಗಿರುವವಳು ಮನೆಗಳ ಪಟ್ಟಿಯಲ್ಲಿ ಸಿಗುವುದಿಲ್ಲ. ಗಂಡಸರ ಸಭೆಯಲ್ಲಿ ಈ ಮಾತು ಏಳುವುದೂ ಇಲ್ಲ.

ನೆರೆಯ ಎಚ್ಚರಿಕೆಯ ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು. ಮಲೆನಾಡಿನಲ್ಲಿ ಮಳೆ ಹಿಡಿದರೆ ಬೇಗ ತುಂಬುತ್ತದೆ, ಬಂದ ನೀರನ್ನು ಬಿಡಲೇಬೇಕು. ಅದರ ಜೊತೆ ಭದ್ರೆಯ ನೀರೂ ಕೂಡಲಿಯಲ್ಲಿ ಸೇರಿ ಹೊನ್ನಾಳಿಯ ಬಾಲರಾಜ್ ಘಾಟ್, ಹರಿಹರದ ಗಂಗಾನಗರದಂಥ ತಗ್ಗಿನ ಜಾಗಗಳಿಗೆ ನುಗ್ಗುತ್ತದೆ. ಆಗ ಧ್ವನಿವರ್ಧಕ ಕಟ್ಟಿದ ಆಟೊ ಬಂದು "ಇಷ್ಟು ಸಾವಿರ ಕ್ಯುಸೆಕ್ ಹೊರಹರಿವು, ನದಿ ಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು" ಎಂದು ಕೂಗಿ ಮುಂದಿನ ಓಣಿಗೆ ಹೋಗುತ್ತದೆ. ಕನ್ನಡ ಮನೆಮಾತಾದವರಿಗೇ ಅದರಿಂದ ಏನೂ ತಿಳಿಯುವುದಿಲ್ಲ. ಯಾವ ಓಣಿಗೆ ಎಷ್ಟು ಹೊತ್ತಿಗೆ ನೀರು ಬರಬಹುದು, ಯಾವ ಶಾಲೆಗೆ ಹೋಗಬೇಕು, ಎಮ್ಮೆ ಮೇಕೆಗಳನ್ನು ಎಲ್ಲಿ ಕಟ್ಟಬೇಕು ಎಂಬುದನ್ನು ಮಸೀದಿಯ ಮೈಕಿನಲ್ಲಿ ಅವರ ಉರ್ದುವಿನಲ್ಲಿ, ತಾಂಡಾದಲ್ಲಿ ಲಂಬಾಣಿಯಲ್ಲಿ ಹೇಳಿಸಿ. ಹೇಳುವವರು ಯಾರೆಂದು ಈಗಲೇ ಹೆಸರು ಗೊತ್ತುಮಾಡಿ. ಸಂದೇಶವನ್ನು ಅವರಿಂದಲೇ ಮೊಬೈಲಿನಲ್ಲಿ ಧ್ವನಿಮುದ್ರಿಸಿ ಇಟ್ಟುಕೊಂಡರೆ ಇನ್ನೂ ಅನುಕೂಲ.

ಯಾರಾದರೂ "ಇದೆಲ್ಲ ಯಾಕೆ ಬೇಕು" ಎಂದರೆ 2005ರ ವಿಪತ್ತು ನಿರ್ವಹಣಾ ಕಾಯ್ದೆಯನ್ನು ತೋರಿಸಿ. ಜಿಲ್ಲಾ ಯೋಜನೆಯನ್ನು ಸ್ಥಳೀಯ ಸಂಸ್ಥೆಗಳೊಂದಿಗೆ ಸಮಾಲೋಚಿಸಿ ಮಾಡಬೇಕು, ವರ್ಷ ವರ್ಷ ಪರಿಷ್ಕರಿಸಬೇಕು ಎಂದು 31ನೇ ಕಲಂ ಹೇಳುತ್ತದೆ. ಪರಿಹಾರ ಕೊಡುವಾಗ ಲಿಂಗ, ಜಾತಿ, ಸಮುದಾಯ, ವಂಶ, ಧರ್ಮದ ಭೇದ ಕೂಡದು ಎನ್ನುವುದು 61ನೇ ಕಲಂ. ಕಾಳಜಿ ಕೇಂದ್ರದಲ್ಲಿ ಅಡುಗೆಗೆ ಯಾರು ನಿಲ್ಲುತ್ತಾರೆ, ಯಾರ ಪಕ್ಕ ಯಾರು ಮಲಗುತ್ತಾರೆ ಎಂಬ ಗೊಣಗಾಟ ಶುರುವಾದಾಗ ಈ ಕಲಂ ಬಹಳ ಉಪಯೋಗಕ್ಕೆ ಬರುತ್ತದೆ. ಆದರೂ ಆ ಗೊಣಗಾಟವನ್ನು ಮೇ ತಿಂಗಳಲ್ಲೇ ಮಾತಾಡಿ ಮುಗಿಸಿಕೊಳ್ಳುವುದು ಜಾಣತನ.

ಊರಿನಿಂದ ಹೊರಗೆ ಹೋದವರ ಪಟ್ಟಿಯೂ ಯೋಜನೆಯಲ್ಲಿರಲಿ. 2023ರ ಏಪ್ರಿಲ್‌ನಲ್ಲಿ ಸುಡಾನಿನ ಕಾಳಗದಲ್ಲಿ ಸಿಲುಕಿದ ಹಕ್ಕಿಪಿಕ್ಕಿ ಬುಡಕಟ್ಟಿನವರಲ್ಲಿ ನಮ್ಮ ಚನ್ನಗಿರಿ ತಾಲ್ಲೂಕಿನವರೂ ಇದ್ದರು. ಊರಿಗೆ ಬಂದು ದುಡಿಯುವ ಹೊರರಾಜ್ಯದವರ ವಿಷಯದಲ್ಲಿ ಗುತ್ತಿಗೆದಾರನ ನಂಬರ್ ಒಂದನ್ನೇ ಬರೆದುಕೊಂಡು ಸುಮ್ಮನಾಗಬೇಡಿ. ನೀರು ಏರುವ ರಾತ್ರಿ ಅವನು ತನ್ನ ಮನೆಯಲ್ಲಿ ನಿದ್ದೆ ಮಾಡುತ್ತಿರುತ್ತಾನೆ. ಪ್ರತಿ ಶೆಡ್ಡಿನಲ್ಲಿ ಮಲಗುವ ಇಬ್ಬರ ನಂಬರ್ ತೆಗೆದುಕೊಳ್ಳಿ, ಅವರು ತಂಡ ಬದಲಿಸಿದಾಗಲೆಲ್ಲ ಪಟ್ಟಿಯನ್ನೂ ತಿದ್ದಿ.